ಯಾವ ‘ಇಲ್ಲ’?

ಈ ವಯಸ್ಸಿನಲ್ಲಿ ಟೈಲರಮ್ಮನಿಗೆ ಜಪಾನೀ ಭಾಷೆ ಯಾಕೆ ಬೇಕಿತ್ತು ಅಂತ ನಗಬೇಡಿ. ಭಾನುವಾರ ಅಂಗಡಿ ಮುಚ್ಚಿದರೆ ಅವಳನ್ನು ಮಾತಾಡಿಸೋ ನರಪಿಳ್ಳೆ ಇರಲಿಲ್ಲ. ಅಂಗಡಿಯ ಮಹಡಿ ಮೇಲೆ ಪುಕ್ಕಟೆ ತರಗತಿ ನಡೀತಿತ್ತು, ಹೋಗಿ ಕೂತಳು, ಅಷ್ಟೇ.

ಆವತ್ತು ‘ಇದೆ’, ‘ಇಲ್ಲ’ಗಳ ಪಾಠ. ಜೀವವಿಲ್ಲದ್ದಕ್ಕೆ ‘ಅರಿಮಾಸು’, ಜೀವ ಇರೋದಕ್ಕೆ ‘ಇಮಾಸು’ ಅಂದರು ಮೇಡಂ. ಕತ್ತರಿ ಅರಿಮಾಸು, ಸೂಜಿ ಅರಿಮಾಸು, ಟೈಲರಮ್ಮ ಪಟಪಟ ಒಪ್ಪಿಸಿದಳು. ಎಡವಿದ್ದು ಬೆಕ್ಕಿನ ಹತ್ತಿರ. ನಮ್ಮಲ್ಲಿ ಕುರ್ಚಿಯೂ ‘ಇದೆ’, ಬೆಕ್ಕೂ ‘ಇದೆ’. ಪಾಪ, ಬೆಕ್ಕನ್ನೂ ಕುರ್ಚಿ ಸಾಲಿಗೆ ಸೇರಿಸಿಬಿಟ್ಟಳು. ಎಲ್ಲರೂ ನಕ್ಕರು, ಅವಳೂ ನಕ್ಕಳು.

“ನಿಮಗೆ ತಮ್ಮ ಇದ್ದಾನಾ?” ಮೇಡಂ ಜಪಾನಿಯಲ್ಲೇ ಕೇಳಿದರು.

“ಅರಿಮಾಸೆನ್,” ಅಂದಳು. ಇಲ್ಲ.

“ತಪ್ಪು. ಮನುಷ್ಯರಿಗೆ ‘ಇಮಾಸೆನ್’ ಅನ್ನಬೇಕು.”

“ಇಲ್ಲದವನಿಗೆ ಎಂಥ ಜೀವ ಮೇಡಂ?”

“ಇಲ್ಲದಿದ್ರೂ ಅಷ್ಟೇ. ವಸ್ತು ಇಲ್ಲದಿರೋದು ಬೇರೆ, ಮನುಷ್ಯ ಇಲ್ಲದಿರೋದು ಬೇರೆ.”

ಟೈಲರಮ್ಮನಿಗೆ ತಮ್ಮ ಇದ್ದ. ಎರಡು ವರ್ಷದ ಹಿಂದೆ ಅಮ್ಮ ತೀರಿಕೊಂಡಾಗ, ಎಲ್ಲ ಮುಗಿದ ಮಾರನೇ ದಿನ ಬಂದು ನಿಂತಿದ್ದ. ಅಷ್ಟೂ ನೆಂಟರ ಮುಂದೆ, “ನನಗೆ ತಮ್ಮನೇ ಇಲ್ಲ, ಹೋಗು” ಅಂದಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನು ಹೋದವನು ಹೋದ. ಇವಳೋ ಹಠಮಾರಿ, ಒಂದು ಫೋನ್ ಮಾಡಲಿಲ್ಲ. ಆ ಹಠದಿಂದ ದಕ್ಕಿದ್ದು ಖಾಲಿ ಮನೆ.

ತರಗತಿ ಮುಗಿದದ್ದೇ ಮೆಟ್ಟಿಲ ಮೇಲೆ ನಿಂತು ತಮ್ಮನಿಗೆ ಫೋನ್ ಮಾಡಿದಳು. ಎತ್ತಿದ್ದು ಹೆಣ್ಣುದನಿ.

“ಅವನಿದ್ದಾನಾಮ್ಮ?”

“ಅವರಿಲ್ಲ.”

ಹಾಳಾದ್ದು, ನಮ್ಮಲ್ಲಿ ಉಪ್ಪು ಮುಗಿದರೂ ‘ಇಲ್ಲ’, ಮನುಷ್ಯ ಸತ್ತರೂ ಅದೇ ‘ಇಲ್ಲ’.

“ಇಲ್ಲ ಅಂದ್ರೆ ಯಾವ ಇಲ್ಲ ತಾಯಿ?”

“ಹೊರಗೆ ಹೋಗಿದ್ದಾರೆ, ಫೋನ್ ಮನೇಲೇ ಬಿಟ್ಟು. ನಾನು ಅವರ ಹೆಂಡತಿ. ತಾವ್ಯಾರು?”

ಅಬ್ಬಾ, ಜೀವ ಬಂದಂತಾಯಿತು. ಆದರೆ ಮದುವೆಯಾಗಿದ್ದಾನೆ, ಒಂದು ಮಾತು ಹೇಳಿಲ್ಲ. ಹೇಳೋಕೆ ಇವಳೇನು ಬಾಗಿಲು ತೆರೆದಿಟ್ಟಿದ್ದಳಾ?

“ಅವನ ಅಕ್ಕ.”



“ಅವರಿಗೆ ಅಕ್ಕ ಇಲ್ವಲ್ಲ?”

ಟೈಲರಮ್ಮ ಗೋಡೆಗೆ ಒರಗಿಕೊಂಡಳು.

“ಇದ್ದಾಳಮ್ಮ,” ಅಂದಳು. “ಅವನು ಬಂದ ಮೇಲೆ ಹೇಳು, ಇದ್ದಾಳೆ ಅಂತ.”