ಹೌಕಿಯ ಒಡತಿ

ಚೀಟಿ ನೋಡುತ್ತ ಆದೇಶವನ್ನು ಅರ್ಧ ಬೆರಳಚ್ಚಿಸಿದ್ದ ಹಿಲ್ಕಾ, ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿದಳು. ಪ್ರತಿ ಶುಕ್ರವಾರ ಕಚೇರಿಯಲ್ಲಿ ಕಸ ಗುಡಿಸುವ ಸರದಿ; ಪೊರಕೆಯ ಕಸವಲ್ಲ, ಕ್ಲೌಡ್‌ನ ಕಸ. ಎಲ್ಲೋ ದೂರದಲ್ಲಿ ಬಾಡಿಗೆಗೆ ಹಿಡಿದ ಕಂಪ್ಯೂಟರುಗಳಲ್ಲಿ ಒಡೆಯರಿಲ್ಲದವನ್ನು ಹುಡುಕಿ ಅಳಿಸಲು ಒಂದು ಪುಟ್ಟ ಸ್ಕ್ರಿಪ್ಟ್ ಇತ್ತು. ಅದರ ಆದೇಶಗಳು ಚೀಟಿಯಲ್ಲಿದ್ದವು: ಮೊದಲ ಸಾಲು ತೋರಿಸುವುದಕ್ಕೆ, ಎರಡನೆಯದು ಅಳಿಸುವುದಕ್ಕೆ.

ತೋರಿಸಿದ ಪಟ್ಟಿಯಲ್ಲಿ ‘ಹೌಕಿ’ ಎಂಬ ಹೆಸರಿತ್ತು. ಹೌಕಿ ಎಂದರೆ ಆ ಚಳಿನಾಡಿನ ಭಾಷೆಯಲ್ಲಿ ಹಲ್ಲುಮೂತಿಯ ಒಂದು ಮೀನು. ಆ ಕಚೇರಿಯಲ್ಲಿ ನಿಜವಾಗಿ ಕೆಲಸ ಮಾಡುವ ಯಂತ್ರಗಳಿಗೆ ಬರೀ ಅಂಕಿ. ಪರೀಕ್ಷೆಗೆಂದು ಹುಟ್ಟುಹಾಕಿ ಮರೆತವಕ್ಕೆ ಮಾತ್ರ ಇಂಥ ತಮಾಷೆಯ ಹೆಸರು.

“ಮೀನಿನ ಹೆಸರಿಟ್ಕೊಂಡು ಪುಕ್ಕಟೆ ಬಾಡಿಗೆ ತಿಂತಿದೆ ನೋಡು,” ಎಂದ ಪಕ್ಕದ ಮೇಜಿನ ಸಮುಲಿ. “ಹುರಿದು ಹಾಕು.”

“ಬೆಣ್ಣೆ ನೀನು ತಾ,” ಎಂದು ನಕ್ಕು ಹಿಲ್ಕಾ ಎರಡನೆಯ ಸಾಲನ್ನು ಒತ್ತಿದಳು. ಹೌಕಿ ಹೋಯಿತು.

ಮಧ್ಯಾಹ್ನ ಏಲಕ್ಕಿ ಬನ್ನು ಮುರಿಯುತ್ತಿದ್ದಾಗ ತಂಗಿ ಇರ್ಯಾಳ ಫೋನು. ಮನೆಮನೆಗೆ ಹೋಗಿ ಶುಶ್ರೂಷೆ ಮಾಡುವ ನರ್ಸ್ ಅವಳು. ಚಳಿಗಾಲದಲ್ಲಿ ಲೂತೊಸಾರಿ ದ್ವೀಪಕ್ಕೆ ಹೆಪ್ಪುಗಟ್ಟಿದ ಸಮುದ್ರದ ಮೇಲೇ ಕಾರು ಓಡಿಸಿಕೊಂಡು ಹೋಗುತ್ತಾಳೆ. ಎಲ್ಲರೂ ಹೋಗುವ ದಾರಿಯೇ ಅದು.

“ಅಕ್ಕಾ, ನಿಮ್ಮ ಆಫೀಸಿನ ವೆಬ್ ಪುಟದಲ್ಲಿ ಮಂಜುಗಡ್ಡೆ ಗಟ್ಟಿಯಾಗಿದೆ, ದಾರಿ ತೆರೆದಿದೆ ಅಂತ ತೋರಿಸ್ತಿದೆ. ಇಲ್ಲಿ ನೋಡಿದ್ರೆ ಚಕ್ರಕ್ಕೆ ನೀರು ಹತ್ತುತಾ ಇದೆ. ಯಾವುದನ್ನ ನಂಬ್ಲಿ?”

“ಎಲ್ಲಿದೀಯೇ ನೀನು?”

“ನಡುದಾರೀಲಿ. ದ್ವೀಪದಲ್ಲಿರೋ ಒಬ್ಬ ಅಜ್ಜಿಗೆ ಇನ್ಸುಲಿನ್ ತಲುಪಿಸ್ಬೇಕಲ್ಲ.”

ಹಿಲ್ಕಾ ಪುಟ ತೆರೆದಳು. ಗಡ್ಡೆಯ ದಪ್ಪವನ್ನು ತೋರಿಸುವ ಗೆರೆ ಯಾವಾಗಲೂ ಸಣ್ಣಗೆ ನಡುಗುತ್ತಿರುತ್ತದೆ. ಬೆಳಗಿನಿಂದ ಅದು ಹಲಗೆಯಂತೆ ಮಟ್ಟಸವಾಗಿತ್ತು. ಹೊಸ ಅಳತೆ ಒಂದೂ ಬಂದಿರಲಿಲ್ಲ. ಪುಟ ಹಳೆಯದನ್ನೇ ತೋರಿಸುತ್ತ ಕುಳಿತಿತ್ತು.

“ಸಮುಲಿ, ಈ ಪುಟಕ್ಕೆ ಅಳತೆ ಕಳಿಸೋದು ಯಾವ ಯಂತ್ರ?”

ಅವನು ಹುಡುಕಿದ. “ಹೌಕಿ.”

ಹಿಲ್ಕಾ ಗುಡಿಸುವ ಭರದಲ್ಲಿ ಮನೆದೇವರನ್ನೇ ತಿಪ್ಪೆಗೆ ಎಸೆದಿದ್ದಳು. ಹೌಕಿ, ಶರತ್ಕಾಲದಲ್ಲಿ ನಿವೃತ್ತನಾದ ಸಹೋದ್ಯೋಗಿ ಉರ್ಹೊನ ಯಂತ್ರ. ಅವನು ಅದನ್ನು ಯಾವಾಗಲೂ ‘ಗಡ್ಡೆಯ ಯಂತ್ರ’ ಎನ್ನುತ್ತಿದ್ದನೇ ಹೊರತು ಹೆಸರು ಹಿಡಿದು ಕರೆದವನಲ್ಲ. ಈ ವಾರ ಸಿಬ್ಬಂದಿ ವಿಭಾಗದವರು ಪಟ್ಟಿಯಿಂದ ಅವನ ಹೆಸರನ್ನು ತೆಗೆದಿದ್ದರು. ಅಲ್ಲಿಗೆ ಹೌಕಿ ಅನಾಥವಾಗಿತ್ತು. ನಿವೃತ್ತನಾಗಿ ಹೋಗುವಾಗ ಉರ್ಹೊ ಹಿಲ್ಕಾಳ ಕೈ ಹಿಡಿದು ಹೇಳಿದ್ದ: “ಗಡ್ಡೆಯ ಯಂತ್ರಕ್ಕೆ ಒಬ್ಬರ ಹೆಸರು ಹಾಕ್ಸು, ರಸ್ತೆ ವಿಭಾಗಕ್ಕೆ ಬರೆದುಬಿಡು.” ಹೆಸರು ಹಾಕಿಸಿಕೊಂಡವರಿಗೆ ಚಳಿಗಾಲವಿಡೀ ರಜಾದಿನಗಳಲ್ಲೂ ಫೋನು ತಪ್ಪದು. ಅದಕ್ಕೇ ಅವಳು ಆಗಲೇ ಶುರುಮಾಡಿದ ಆ ಪತ್ರ ಅರ್ಧಕ್ಕೇ ನಿಂತಿತ್ತು.

“ಇರ್ಯಾ, ತಿರುಗ್ಸೇ! ಪುಟ ಸುಳ್ಳು!”

ಫೋನಿನಲ್ಲಿ ಒಣಮರ ಸೀಳಿದಂಥ ಸದ್ದು. ಆಮೇಲೆ ಏನೂ ಇಲ್ಲ.

ಸಮುಲಿ ಆ ಗಡ್ಡೆದಾರಿಯ ಕಾವಲುಗಾರ ವಾಲ್ಟೆರಿಗೆ ಫೋನು ಹಚ್ಚಿ ಕೂಗಾಡಿದ. ಹಿಲ್ಕಾಳ ಕೈಯಲ್ಲಿದ್ದ ಬನ್ನು ಪುಡಿಪುಡಿಯಾಗಿ ನೆಲಕ್ಕುದುರಿತು. ಅವಳಿಗೆ ತಿಳಿಯಲೂ ಇಲ್ಲ. ತಂಗಿ ಎಂದು ಕರೆಯಲು ಅವಳಿಗೆ ಇದ್ದವಳು ಇರ್ಯಾ ಒಬ್ಬಳೇ.

ಎಷ್ಟು ಹೊತ್ತಾಯಿತೋ, ವಾಲ್ಟೆರಿಯ ನಂಬರಿನಿಂದ ಫೋನು ಬಂತು. ದನಿ ಮಾತ್ರ ಇರ್ಯಾಳದು.

“ಅಕ್ಕಾ… ಕಾರಿನ ಮೂತಿ ಮುಳುಗ್ತು. ಗಡ್ಡೆ ಮೇಲೆ ಬೆಲ್ಟು ಯಾರು ಹಾಕ್ಕೋತಾರೆ, ಮುಳುಗಿದ್ರೆ ಹಾರ್ಬೇಕಲ್ಲ; ಬಾಗಿಲು ತಳ್ಳಿ ಹಾರಿದೆ. ಔಷಧಿ ಚೀಲ ಬಿಟ್ಟಿಲ್ಲ ನೋಡು.” ಹಲ್ಲು ಕಟಕಟನೆ ಬಡಿಯುತ್ತಿತ್ತು. “ನಿಮ್ಮ ಪುಟಕ್ಕೇನಾಗಿತ್ತೇ?”

“ಆಗಿದ್ದು ನಾನು. ಅದರ ಯಂತ್ರಾನ ನಾನೇ ಅಳಿಸಿಬಿಟ್ಟೆ,” ಎಂದಳು ಹಿಲ್ಕಾ.

ಸಮುಲಿ ದಾರಿ ಮುಚ್ಚಿಸಿ, ಚೀಟಿಯನ್ನು ತಿರುವಿದ. ಹಿಂಬದಿಯಲ್ಲಿ ಯಂತ್ರವನ್ನು ಮತ್ತೆ ಎಬ್ಬಿಸುವ ಸಾಲುಗಳಿದ್ದವು. “ನಾನು ಓದ್ತೀನಿ, ನೀನು ಒತ್ತು.”

“ನನ್ನ ಕೈಲಿ ಬೇಡ್ವೋ.”

“ನಿನ್ನ ಕೈಲೇ ಆಗ್ಬೇಕು.”

ಅವನು ಒಂದೊಂದೇ ಪದ ಓದಿದ, ಅವಳು ಒತ್ತಿದಳು. ಹೊಸ ಹೌಕಿ ಏಳುವ ಮೊದಲು ಸ್ಕ್ರಿಪ್ಟ್ ತಡೆದು ಕೇಳಿತು: ಒಡೆಯರು ಯಾರು? ಉತ್ತರ ಕೊಡದೆ ಮುಂದಕ್ಕೆ ಬಿಡದು. ಹಿಲ್ಕಾ ತನ್ನ ಹೆಸರನ್ನು ಬರೆದಳು. ಸ್ವಲ್ಪ ಹೊತ್ತಿಗೆ ಪುಟದ ಗೆರೆ ಸಣ್ಣಗೆ ನಡುಗಿತು. ನಡುದಾರಿಯ ಅಳತೆ ಬುಡಕ್ಕಿಳಿಯಿತು.

ಅವಳು ಕೋಟು ಹಾಕಿಕೊಂಡಳು, ತಂಗಿಯ ಬಳಿ ಹೋಗಬೇಕು. ಹೊರಡುವ ಮುನ್ನ, ನಿಂತುಕೊಂಡೇ, ಆ ಅರ್ಧ ಪತ್ರವನ್ನು ತೆರೆದಳು. ‘ಗಡ್ಡೆಯ ಯಂತ್ರದ ಹೊಣೆ ಯಾರದೆಂದು ನಿರ್ಧರಿಸಲು ಕೋರುತ್ತೇನೆ’ ಎಂಬ ಸಾಲನ್ನು ಅಳಿಸಿದಳು. ‘ಹೌಕಿಯ ಹೊಣೆ ಇಂದಿನಿಂದ ನನ್ನದು. ಇವತ್ತು ಅದನ್ನು ಅಳಿಸಿದವಳೂ ನಾನೇ’ ಎಂದು ಬರೆದು, ತನ್ನ ಫೋನ್ ನಂಬರನ್ನು ಸೇರಿಸಿ, ಮತ್ತೊಮ್ಮೆ ಓದದೆ ಕಳಿಸಿದಳು.