ಹತ್ತು ವರ್ಷ ತಡವಾದ ಆಪರೇಶನ್

ಕಾಶಿಬಾಯಿ ತನ್ನೆರಡು ಸೀರೆಗಳನ್ನು ಮಗಳ ಚೀಲದೊಳಗೆ ತುರುಕಿದಳು. ರಾಜಮತಿ ಅವನ್ನು ತೆಗೆದು ಹೊರಗಿಟ್ಟಳು. ಕಾಶಿಬಾಯಿ ಮತ್ತೆ ತುರುಕಿದಳು.

"ಆಪರೇಶನ್ ಆದಮ್ಯಾಲ ಕೈ ಎತ್ತಾಕ ಬಿಡೂದಿಲ್ಲ. ನಿನಗ ಜಡಿ ಯಾರ ಹಾಕ್ತಾರ?"

"ನಾದಿನಿ ಬರಾಕತ್ತಾಳ."

"ಆ ಕುಸುಮಾನ? ಎಮ್ಮಿ ಬಾಲಾ ಹೆಣದಂಗ ಹೆಣೀತಾಳ ಆಕಿ!"

"ಎಮ್ಮಿ ಬಾಲದಂಗರ ಇರಲಿ ಬಿಡು."

ಮಗಳು ನಗಲಿಲ್ಲ. ಕುಪ್ಪಸದ ಅಂಚು ಸರಿದಾಗ ಹೆಗಲ ಮೇಲಿನ ಗುಳಿ ಕಂಡಿತು. ಎದೆಯ ಭಾರಕ್ಕೆ ಒಳಕುಪ್ಪಸದ ಪಟ್ಟಿ ಕೊರೆದ ಗುಳಿ. ಕಾಶಿಬಾಯಿ ಕಣ್ಣು ಬೇರೆಡೆ ತಿರುಗಿಸಿದಳು.

ಎಂಬತ್ತನಾಲ್ಕನೇ ಇಸವಿಯಲ್ಲಿ, ಮದುವೆಗೆ ಮುಂಚೆ, ಅವಳೇ ಮಗಳನ್ನು ಮಿರಜಕ್ಕೆ ಕರೆದೊಯ್ದಿದ್ದಳು. ಎದೆ ಸಣ್ಣದು ಮಾಡುವ ಆಪರೇಶನ್ನನ್ನು ಡಾಕ್ಟರು ಕಾಗದದ ಮೇಲೆ ಗೆರೆ ಎಳೆದು ಬಿಡಿಸಿ ಹೇಳಿದ್ದರು: ಮೊಲೆತೊಟ್ಟನ್ನು ಕತ್ತರಿಸಿ ಬೇರೆ ಮಾಡುವುದಿಲ್ಲ, ರಕ್ತ ಹರಿಯುವ ಮಾಂಸದ ಪಟ್ಟಿಗೆ ಅಂಟಿದಂತೆಯೇ ಮೇಲಕ್ಕೆ ಸರಿಸುತ್ತೇವೆ, ಸುತ್ತಲಿನ ಭಾರ ತೆಗೆದು ಹೊಲಿಯುತ್ತೇವೆ. ಕಲೆ ಉಳಿಯುತ್ತದೆ. ಗಾಯ ಮಾಯುವುದು ತಡವಾಗಬಹುದು, ಸ್ಪರ್ಶ ಮಂದವಾಗಬಹುದು. ಮುಂದೆ ಹಾಲು ಬಂದೀತು, ಆದರೆ ಖಾತ್ರಿ ಕೊಡಲಾರೆ.

"ಎದಿ ಅಂದ್ರ ಕುಂಬಳಕಾಯೇನ್ರಿ, ಹೋಳು ಮಾಡಾಕ?" ಎಂದು ಕೇಳಿ ಕಾಶಿಬಾಯಿ ಎದ್ದುಬಿಟ್ಟಿದ್ದಳು. ಖಾತ್ರಿಯಿಲ್ಲ ಎಂಬುದೊಂದೇ ಅವಳ ಕಿವಿಯಲ್ಲಿ ಉಳಿದಿತ್ತು. ಮದುವೆಯಾಗಲಿ ಎಂದಳು. ಆಮೇಲೆ ಕೂಸಾಗಲಿ ಎಂದಳು. ಎದೆ ಅದುಮುವಂಥ ಬಿಗಿ ಕುಪ್ಪಸಗಳನ್ನು ತಾನೇ ಹೊಲಿದುಕೊಟ್ಟಳು. ಬೇಸಿಗೆಯಲ್ಲಿ ಅವುಗಳಡಿ ಚರ್ಮ ಸುಲಿದು ಹುಣ್ಣಾಗುತ್ತಿತ್ತು. ಕೂಸಾಯಿತು, ಹಾಲೂ ಬಂತು. ಕುಡಿಸಲು ಬಗ್ಗಿದ ಬೆನ್ನು ಮಾತ್ರ ನೆಟ್ಟಗಾಗಲಿಲ್ಲ. ಈಗ ಚಪ್ಪರದಡಿ ಕೈಯೆತ್ತಿ ದ್ರಾಕ್ಷಿ ಗೊಂಚಲು ಹಿಡಿದರೆ ಬೆರಳುಗಳು ಜೋಮು ಹಿಡಿಯುತ್ತವೆ.

ಈ ಸಲ ರಾಜಮತಿ ಯಾರನ್ನೂ ಕೇಳಲಿಲ್ಲ. ತಾನೇ ಹೋಗಿ ಡಾಕ್ಟರನ್ನು ಕಂಡಳು, ತಾನೇ ಸಹಿ ಹಾಕಿದಳು. ಸುದ್ದಿ ತಿಳಿದು ಕಾಶಿಬಾಯಿ ಉಗಾರ ಬುದ್ರುಕದಿಂದ ಮೊದಲ ಬಸ್ಸಿಗೇ ಅನಂತಪುರದ ಮಗಳ ಮನೆಗೆ ಓಡಿ ಬಂದಿದ್ದಳು. ಮಗಳು ಮಂಪರಿನಿಂದ ಕಣ್ಣು ಬಿಟ್ಟಾಗ ಪಕ್ಕದಲ್ಲಿ ತಾನಿರಬೇಕು. ಅವಳಿಗೆ ಬೇಕಾದದ್ದು ಅಷ್ಟೇ.

"ಆವಾಗ ನಾ ತಿಳೀದ ಮಾಡಿದ್ನವಾ," ಎಂದಳು. "ಈಗರ ನಿನ್ನ ಚಾಕರಿ ಮಾಡಾಕ ಬಿಡು. ಬಾಗಲದಾಗ ಕುಂದರ್ತೇನಿ, ಮಾತಾಡೂದಿಲ್ಲ."

"ಡಾಕ್ಟರು ಇವತ್ತೂ ಖಾತ್ರಿ ಕೊಟ್ಟಿಲ್ಲವ್ವ. ರಕ್ತ ಹೋಗಬಹುದು, ನಂಜ ಏರಬಹುದು ಅಂದಾರ. ಕೇಳಿ ಸುಮ್ಮನ ಕುಂದರ್ತೀಯೇನ?"

ಕಾಶಿಬಾಯಿಯ ಕಣ್ಣಲ್ಲಿ ಹಳೆಯ ಅಂಜಿಕೆ ಎದ್ದು ನಿಂತಿತು. ರಾಜಮತಿ ಅದನ್ನು ನೋಡಿದಳು.

ಹೊರಗೆ ಕುಸುಮಾ ಕೂಗಿದಳು, "ವೈನಿ, ಬಸ್ ಬಂತು!"

ಕಾಶಿಬಾಯಿ ಚೀಲಕ್ಕೆ ಕೈ ಹಾಕಿದಳು. "ಇದನ್ನರ ಹೊತಗೊಂಡ ಬರ್ತೇನಿ, ಕೊಡು."

ರಾಜಮತಿ ಸೀರೆಗಳನ್ನು ತೆಗೆದು ತಾಯಿಯ ಕೈಯಲ್ಲಿಟ್ಟಳು.

"ಬ್ಯಾಡ. ನೀ ಬರಬ್ಯಾಡ."