ಎಡಗಾಲಿನ ಚಪ್ಪಾಳೆ

ದೆಹಲಿಯ ಹೊಗೆ ಹೆಚ್ಚಾಗಿ ಶಾಲೆಗಳನ್ನು ಎರಡು ವಾರ ಮುಚ್ಚಿಸಿದರು. ಮಗಳು ಸರಸು ಎಂಟೂವರೆಗೆ ಆಫೀಸಿನ ಕ್ಯಾಬ್ ಹತ್ತಿದರೆ, ಸಂಜೆ ಏಳರ ತನಕ ಗುರುಗ್ರಾಮದ ಹನ್ನೊಂದನೇ ಮಹಡಿಯಲ್ಲಿ ನಾನು ಮತ್ತು ನಾಲ್ಕು ವರ್ಷದ ಮೊಮ್ಮಗಳು ಧನ್ಯಾ. ಸೈನ್ಯದ ಬ್ಯಾಂಡಿನಲ್ಲಿ ಇಪ್ಪತ್ತನಾಲ್ಕು ವರ್ಷ ದೊಡ್ಡ ಡ್ರಮ್ ಹೊತ್ತು ನಡೆದಾಗಲೂ ಈ ಮೊಣ್ಣಯ್ಯ ಇಷ್ಟು ಸುಸ್ತಾಗಿರಲಿಲ್ಲ.

ಅವಳ ಪ್ಲೇಸ್ಕೂಲಿಗೆ ಹೊಸ ಗೀಳು. ಮಕ್ಕಳಿಗೆ ವಾದ್ಯಗಳ ಪರಿಚಯವಂತೆ, ಅದೂ ಜಾಝ್ ವಿಡಿಯೊಗಳಿಂದ. ದಿನಕ್ಕೊಂದು ಫೋನಿಗೆ ಬಂದು ಬೀಳುತ್ತದೆ. ಟೊಪ್ಪಿ ಹಾಕಿದ ಆಸಾಮಿಯೊಬ್ಬ ಕಣ್ಣು ಮುಚ್ಚಿ ಟ್ರಂಪೆಟ್ ಊದುತ್ತಲೇ ಇರುತ್ತಾನೆ, ಮುಗಿಸುವ ಅಂದಾಜೇ ಇಲ್ಲ. ನಮ್ಮ ಬ್ಯಾಂಡ್‌ಮಾಸ್ಟರ್ ಆಗಿದ್ದರೆ ಮೈದಾನ ಹತ್ತು ಸುತ್ತು ಓಡಿಸುತ್ತಿದ್ದರು.

ಶಾಲೆ ತೆರೆದ ಮೊದಲ ಶನಿವಾರವೇ ಕಾರ್ಯಕ್ರಮ. ಆ ಟ್ರಂಪೆಟ್ ವಿಡಿಯೊಗೆ ಎಲ್ಲರಿಗಿಂತ ಚೆನ್ನಾಗಿ ತಾಳಕ್ಕೆ ಚಪ್ಪಾಳೆ ತಟ್ಟುತ್ತಾಳೆಂದು ಧನ್ಯಾಳನ್ನೇ ಮುಂದೆ ನಿಲ್ಲಿಸುತ್ತಾರಂತೆ. ಹುಡುಗಿಗೆ ಊಟದಲ್ಲೂ ಅದೇ, ಸ್ನಾನದಲ್ಲೂ ಅದೇ ಮಾತು.

ನಾನೂ ಕೂತು ನೋಡಿದೆ. ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿದರೆ ಅವಳ ಚಪ್ಪಾಳೆ ಬೀಳುವುದು ಎರಡಕ್ಕೆ, ನಾಲ್ಕಕ್ಕೆ. ಮೈ ಉರಿಯಿತು. ಪೆಟ್ಟು ಬೀಳಬೇಕಾದ್ದು ಒಂದಕ್ಕೆ, ಎಡಗಾಲು ನೆಲ ಮುಟ್ಟುವಾಗ. ಅದು ತಪ್ಪಿದರೆ ಇಡೀ ತುಕಡಿಯ ಹೆಜ್ಜೆ ತಪ್ಪುತ್ತದೆ.

"ಗಲತ್!" ಎಂದೆ, ಪೆರೇಡಿನಲ್ಲಿ ತಪ್ಪಿದವರಿಗೆ ಕೂಗುವ ಹಾಗೆ. "ಎಡಗಾಲಿಗೆ ತಟ್ಟು, ಮಗಳೇ."

"ತಾತ, ವಿಡಿಯೊ ಮೇ ಐಸಾ ಹೀ ಹೈ." ವಿಡಿಯೊದಲ್ಲಿ ಹೀಗೇ ಇದೆ ಎಂದು ಅವಳ ಹಿಂದಿ.

"ವಿಡಿಯೊದವನಿಗೇನು ಗೊತ್ತು, ಮಣ್ಣು! ತಾತ ಹೇಳಿದ ಹಾಗೆ ಮಾಡು."

ಎರಡು ವಾರ ಸೋಫಾದ ಸುತ್ತ ನಡೆಸಿದೆ. ಅವಳು ತಪ್ಪಿದಾಗೆಲ್ಲ "ಗಲತ್!" ಎಂದು ಗದರಿದೆ. ನನ್ನ ಮೊಣಕಾಲು ಬಾತುಕೊಂಡಿತು, ಆದರೂ ಬಿಡಲಿಲ್ಲ. ಕೊನೆಗೆ ಎಡಗಾಲಿಗೆ ಸರಿಯಾಗಿ ಚಪ್ಪಾಳೆ ಬಿತ್ತು. ಆ ದಿನ ಮಧ್ಯಾಹ್ನ ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಶನಿವಾರ ಶಾಲೆಯ ಪರದೆಯ ಮೇಲೆ ಅದೇ ಟೊಪ್ಪಿಯವನು ಊದತೊಡಗಿದ. ಇಪ್ಪತ್ತು ಮಕ್ಕಳು ಎರಡಕ್ಕೆ ತಟ್ಟಿದರು. ಧನ್ಯಾ ಒಬ್ಬಳೇ ಒಂದಕ್ಕೆ. ಟೀಚರ್ ಕೈಸನ್ನೆ ಮಾಡಿದರು. ಮತ್ತೆ ಒಂದಕ್ಕೆ. ಸಭೆಯಲ್ಲಿ ಯಾರೋ ನಕ್ಕರು. ನಗು ಹಬ್ಬಿತು.

ಸರಸು ನನ್ನ ಕಡೆ ತಿರುಗಿದಳು. "ಅಪ್ಪಾ, ಇವಳಿಗೇನಾಯ್ತು? ಮೊದಲು ಚೆನ್ನಾಗೇ ಮಾಡ್ತಿದ್ದಳಲ್ಲ!"

ಆ ಸಂಗೀತಕ್ಕೆ ಎರಡಕ್ಕೆ, ನಾಲ್ಕಕ್ಕೆ ತಟ್ಟುವುದೇ ಸರಿಯೆಂದು ಆಗ ನನ್ನ ಕಿವಿಗೂ ಗೊತ್ತಾಯಿತು. ಯಾರೂ ಮೆರವಣಿಗೆ ಹೊರಟಿರಲಿಲ್ಲ. ನನ್ನ ಹಟಕ್ಕೆ ಮಗು ಎಲ್ಲರೆದುರು ನಗೆಪಾಟಲಾಗಿತ್ತು.

ಧನ್ಯಾಳ ಕಣ್ಣು ತುಂಬಿತ್ತು. ಅವಳು ಸಾಲುಸಾಲು ಮುಖಗಳಲ್ಲಿ ನನ್ನನ್ನೇ ಹುಡುಕುತ್ತಿದ್ದಳು.

ನಾನು ಕುರ್ಚಿ ಹಿಡಿದು ಎದ್ದು ನಿಂತೆ. ಎರಡೂ ಕೈ ತಲೆಯ ಮೇಲೆತ್ತಿ, ಅವಳಿಗೆ ಕಾಣುವಂತೆ, ಎರಡಕ್ಕೆ ತಟ್ಟಿದೆ. ನಾಲ್ಕಕ್ಕೆ ತಟ್ಟಿದೆ. ಹಾಗಲ್ಲ ಮಗಳೇ, ಹೀಗೆ. ತಾತನದೇ ತಪ್ಪು.

ಅವಳ ಕೈ ನಿಂತಿತು. ನನ್ನನ್ನೇ ದಿಟ್ಟಿಸಿದಳು. ಆಮೇಲೆ ಇಡೀ ಸಭೆಗೆ ಕೇಳುವಂತೆ ಕೂಗಿದಳು:

"ತಾತ, ಗಲತ್!"

ಕಣ್ಣೊರೆಸಿಕೊಂಡು, ಎಡಗಾಲು ಊರಿ, ಮತ್ತೆ ಒಂದಕ್ಕೇ ತಟ್ಟಿದಳು.